ವಿಮ್‌ನಲ್ಲಿ ಫೈಲ್ ಸೈಡ್‌ಬಾರ್: ಮೊದಲು ಇರುವುದನ್ನೇ ಸರಿ ಮಾಡಿಕೊಳ್ಳಿ

ವಿಮ್‌ಗೆ (ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ನಡೆಯುವ ಎಡಿಟರ್) ಹೊಸದಾಗಿ ಬಂದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ: ಫೈಲ್‌ಗಳ ಪಟ್ಟಿ ಎಲ್ಲಿ? ಬೇರೆ ಎಡಿಟರ್‌ಗಳಲ್ಲಿ ಎಡಗಡೆ ಒಂದು ಸೈಡ್‌ಬಾರ್ ಇರುತ್ತದೆ, ಫೋಲ್ಡರ್ ಮೇಲೆ ಕ್ಲಿಕ್ ಮಾಡಿದರೆ ಒಳಗಿರುವುದೆಲ್ಲ ಕಾಣುತ್ತದೆ. ವಿಮ್ ತೆರೆದರೆ ಖಾಲಿ ಪರದೆ, ಎಡ ಅಂಚಿನಲ್ಲಿ ಸಾಲಾಗಿ ಟಿಲ್ಡಾ ಗುರುತುಗಳು, ಅಷ್ಟೇ. ಆಗ ಎಲ್ಲರೂ ಮಾಡುವುದು ಒಂದೇ: ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕ ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯದ ತುಣುಕು, ಹಾಕುವುದು. ಅದಕ್ಕೊಂದು ಪ್ಲಗಿನ್ ಮ್ಯಾನೇಜರ್ ಬೇಕು, ಐಕಾನ್ ಕಾಣಬೇಕಾದರೆ ಬೇರೆ ಫಾಂಟ್ ಬೇಕು, ಆ ಫಾಂಟ್ ಟರ್ಮಿನಲ್‌ನಲ್ಲಿ ಕೂರಬೇಕು, ಹೀಗೆ ಒಂದು ಸಂಜೆ ಪೂರ್ತಿ ಅದರಲ್ಲೇ ಕಳೆದುಹೋಗುತ್ತದೆ. ಇವೆಲ್ಲ ಮುಂದೆ ಬೇಕಾಗಬಹುದು. ಆದರೆ ಮೊದಲ ದಿನವೇ ಬೇಡ. ಯಾಕೆಂದರೆ ವಿಮ್ ಜೊತೆಗೇ ಒಂದು ಫೈಲ್ ಎಕ್ಸ್‌ಪ್ಲೋರರ್ ಬರುತ್ತದೆ, ಮೂರು ಸಾಲಿನ ಸೆಟ್ಟಿಂಗ್ ಹಾಕಿದರೆ ಅದು ಒಳ್ಳೆಯ ಸೈಡ್‌ಬಾರ್ ಆಗುತ್ತದೆ.

ಅದರ ಹೆಸರು ನೆಟ್‌ಆರ್‌ಡಬ್ಲ್ಯೂ. ಬರೆದವರು ಚಾರ್ಲ್ಸ್ ಕ್ಯಾಂಪ್‌ಬೆಲ್. ಹೆಸರೇ ಹೇಳುವಂತೆ ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರಿನ ಫೈಲ್ ಓದಿ ಬರೆಯುವುದು ಅದರ ಮೂಲ ಕೆಲಸ. ಎಸ್‌ಸಿಪಿ ವಿಳಾಸ ಕೊಟ್ಟರೆ ದೂರದ ಸರ್ವರಿನ ಫೈಲ್ ಇಲ್ಲೇ ತೆರೆದು, ಸೇವ್ ಮಾಡಿದಾಗ ಅಲ್ಲಿಗೇ ಕಳಿಸುತ್ತದೆ. ಫೋಲ್ಡರ್ ತೋರಿಸುವುದೂ ಅದರದ್ದೇ ಕೆಲಸ. ವಿಮ್ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಒಂದು ಚುಕ್ಕಿ ಇಟ್ಟು ಎಂಟರ್ ಒತ್ತಿ ನೋಡಿ. ಈಗಿರುವ ಫೋಲ್ಡರಿನ ಪಟ್ಟಿ ಬರುತ್ತದೆ.

ಮುಂದೆ ಹೋಗುವ ಮೊದಲು ಎರಡು ಮಾತು. ಒಂದು, ಆಜ್ಞೆಗಳ ಹೆಸರನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಹಾಕಬೇಕು. ಸ್ಪೆಲ್ಲಿಂಗ್ ಬಗ್ಗೆ ಅನುಮಾನ ಬಂದರೆ ವಿಮ್ ಒಳಗೇ ಕೋಲನ್ ಒತ್ತಿ ಹೆಲ್ಪ್ ಎಂದು ಬರೆದು, ಹೆಸರಿನ ಮೊದಲ ಕೆಲವು ಅಕ್ಷರ ಹಾಕಿ ಟ್ಯಾಬ್ ಒತ್ತಿ, ಪೂರ್ತಿ ಹೆಸರು ಅದೇ ತುಂಬಿಕೊಡುತ್ತದೆ. ಎರಡು, ಉಬುಂಟು ಅಥವಾ ಡೆಬಿಯನ್‌ನಲ್ಲಿ ಮೊದಲೇ ಬಂದಿರುವುದು ಹೆಚ್ಚಾಗಿ ವಿಮ್‌ನ ತೀರಾ ಚಿಕ್ಕ ರೂಪ, ವಿಮ್-ಟೈನಿ. ಅದರಲ್ಲಿ ಈ ಎಕ್ಸ್‌ಪ್ಲೋರರ್ ಇರುವುದಿಲ್ಲ, ಸೆಟ್ಟಿಂಗ್ ಫೈಲಿನ ಬಹುಪಾಲು ಸಾಲುಗಳೂ ನಡೆಯುವುದಿಲ್ಲ. ಮುಂದೆ ಹೇಳುವ ಆಜ್ಞೆ ಕೊಟ್ಟಾಗ ಇ492 ಎಂಬ ದೋಷದ ಸಂದೇಶ ಬಂದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಮೊದಲು ಆಪ್ಟ್ (ಅಲ್ಲಿ ತಂತ್ರಾಂಶ ಹಾಕುವ ಆಜ್ಞೆ) ಮೂಲಕ ಪೂರ್ತಿ ವಿಮ್ ಪ್ಯಾಕೇಜ್ ಹಾಕಿಕೊಳ್ಳಿ.

ಈಗ ಸೈಡ್‌ಬಾರ್. ಕೋಲನ್ ಒತ್ತಿ ಲೆಕ್ಸ್‌ಪ್ಲೋರ್ ಎಂದು ಟೈಪ್ ಮಾಡಿ: ದೊಡ್ಡಕ್ಷರದ ಎಲ್, ಅದರ ಹಿಂದೆಯೇ ಎಕ್ಸ್‌ಪ್ಲೋರ್. ಪೂರ್ತಿ ಬೇಡ ಅಂದರೆ ಮೊದಲ ಮೂರು ಅಕ್ಷರ ಸಾಕು. ಎಡಗಡೆ ಮೇಲಿಂದ ಕೆಳಗಿನ ತನಕ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಮುಚ್ಚಿಕೊಳ್ಳುತ್ತದೆ. ಪಟ್ಟಿಯಲ್ಲಿ ಒಂದು ಫೈಲ್ ಮೇಲೆ ಎಂಟರ್ ಒತ್ತಿದರೆ ಅದು ಪಕ್ಕದ ಕಿಟಕಿಯಲ್ಲಿ ತೆರೆಯುತ್ತದೆ, ಸೈಡ್‌ಬಾರ್ ತನ್ನ ಜಾಗದಲ್ಲೇ ಇರುತ್ತದೆ. ಎಕ್ಸ್‌ಪ್ಲೋರ್, ವೆಕ್ಸ್‌ಪ್ಲೋರ್, ಸೆಕ್ಸ್‌ಪ್ಲೋರ್ ಎಂಬ ಬೇರೆ ಆಜ್ಞೆಗಳೂ ಇವೆ. ಅವು ಒಮ್ಮೆ ಪಟ್ಟಿ ತೋರಿಸುವುದಕ್ಕೆ ಸರಿ, ಸೈಡ್‌ಬಾರ್ ಬೇಕಾದವರಿಗೆ ಲೆಕ್ಸ್‌ಪ್ಲೋರ್ ಒಂದೇ ಸಾಕು. ಬ್ರೌಸ್_ಸ್ಪ್ಲಿಟ್ ಅನ್ನು 4 ಮಾಡಿ ಎಂದು ತುಂಬ ಕಡೆ ಬರೆದಿರುವುದನ್ನು ನೋಡುತ್ತೀರಿ. ಅದು ವೆಕ್ಸ್‌ಪ್ಲೋರ್ ಬಳಸುವವರಿಗೆ ಬೇಕಾದ ಸೆಟ್ಟಿಂಗ್. ಲೆಕ್ಸ್‌ಪ್ಲೋರ್ ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ಮೊದಲ ನೋಟಕ್ಕೆ ಈ ಪಟ್ಟಿ ಚೆನ್ನಾಗಿ ಕಾಣುವುದಿಲ್ಲ, ಒಪ್ಪುತ್ತೇನೆ. ಮೇಲೆ ಏಳೆಂಟು ಸಾಲು ಯಾವುದೋ ಸೂಚನೆ ತುಂಬಿಕೊಂಡಿರುತ್ತದೆ, ಫೋಲ್ಡರ್ ಮೇಲೆ ಎಂಟರ್ ಒತ್ತಿದರೆ ಮರದ ಹಾಗೆ ಬಿಚ್ಚಿಕೊಳ್ಳುವ ಬದಲು ಅದರೊಳಕ್ಕೇ ಹೋಗಿಬಿಡುತ್ತದೆ, ಅಗಲ ನೋಡಿದರೆ ಪರದೆಯ ಅರ್ಧ. ಬಹಳ ಜನ ಇಲ್ಲಿಗೇ ಬೇಸತ್ತು ಪ್ಲಗಿನ್ ಕಡೆ ಹೊರಡುತ್ತಾರೆ. ಈ ಮೂರನ್ನೂ ಮೂರು ಸಾಲಿನಲ್ಲಿ ಸರಿಪಡಿಸಬಹುದು.

ನಿಮ್ಮ ಹೋಮ್ ಫೋಲ್ಡರಿನಲ್ಲಿರುವ, ಚುಕ್ಕಿಯಿಂದ ಶುರುವಾಗುವ ವಿಮ್‌ಆರ್‌ಸಿ ಫೈಲ್ ತೆರೆಯಿರಿ, ಇಲ್ಲದಿದ್ದರೆ ಹೊಸದಾಗಿ ಮಾಡಿ. ಎಲ್ಲ ಸಾಲೂ ಲೆಟ್ ಎಂದು ಶುರುವಾಗುತ್ತದೆ, ಆಮೇಲೆ ಜಿ, ಕೋಲನ್, ನೆಟ್‌ಆರ್‌ಡಬ್ಲ್ಯೂ, ಅಂಡರ್‌ಸ್ಕೋರ್, ಅದರ ಮುಂದೆ ಸೆಟ್ಟಿಂಗಿನ ಹೆಸರು, ಕೊನೆಗೆ ಸಮ ಚಿಹ್ನೆ ಮತ್ತು ಸಂಖ್ಯೆ. ಮೊದಲನೆಯದು ಬ್ಯಾನರ್, ಅದನ್ನು 0 ಮಾಡಿ. ಮೇಲಿನ ಸೂಚನೆಗಳು ಮಾಯವಾಗುತ್ತವೆ. ಒಮ್ಮೊಮ್ಮೆ ಅವು ಬೇಕು ಅನ್ನಿಸಿದರೆ ಪಟ್ಟಿಯೊಳಗೆ ದೊಡ್ಡಕ್ಷರದ ಐ ಒತ್ತಿದರೆ ಬರುತ್ತವೆ, ಮತ್ತೆ ಒತ್ತಿದರೆ ಹೋಗುತ್ತವೆ. ಎರಡನೆಯದು ಲಿಸ್ಟ್‌ಸ್ಟೈಲ್, ಅದನ್ನು 3 ಮಾಡಿ. ಈಗ ಫೋಲ್ಡರ್ ಮೇಲೆ ಎಂಟರ್ ಒತ್ತಿದರೆ ಅಲ್ಲೇ ಕೆಳಗೆ ಬಿಚ್ಚಿಕೊಳ್ಳುತ್ತದೆ, ಒಳಗಿನವು ಸ್ವಲ್ಪ ಬಲಕ್ಕೆ ಸರಿದು ನಿಲ್ಲುತ್ತವೆ, ಇನ್ನೊಮ್ಮೆ ಒತ್ತಿದರೆ ಮಡಚಿಕೊಳ್ಳುತ್ತದೆ. ಸಣ್ಣಕ್ಷರದ ಐ ಒತ್ತುತ್ತಾ ಹೋದರೆ ಬೇರೆ ಬೇರೆ ರೀತಿಯ ಪಟ್ಟಿಗಳು ಒಂದಾದ ಮೇಲೊಂದು ಬರುತ್ತವೆ. ಕೈ ತಪ್ಪಿ ಅದನ್ನು ಒತ್ತಿ, ಸೆಟ್ಟಿಂಗೇ ಹಾಳಾಯಿತು ಅಂದುಕೊಳ್ಳುವವರು ಇದ್ದಾರೆ. ಹಾಳಾಗಿರುವುದಿಲ್ಲ, ಇನ್ನೆರಡು ಮೂರು ಸಲ ಒತ್ತಿದರೆ ಮರ ವಾಪಸ್ ಬರುತ್ತದೆ.

ಮೂರನೆಯದು ಅಗಲ, ವಿನ್‌ಸೈಜ್. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಎಲ್ಲ ಕಡೆ 25 ಎಂದು ಬರೆದಿರುತ್ತಾರೆ, ಯಾಕೆಂದು ಯಾರೂ ಹೇಳಿರುವುದಿಲ್ಲ. 25 ಅಂದರೆ ಕಿಟಕಿಯ ಅಗಲದ ಶೇಕಡಾ 25. ಟರ್ಮಿನಲ್ 120 ಕಾಲಂ (ಒಂದು ಕಾಲಂ ಅಂದರೆ ಒಂದು ಅಕ್ಷರದ ಜಾಗ) ಅಗಲ ಇದ್ದರೆ ಸೈಡ್‌ಬಾರ್‌ಗೆ 30 ಕಾಲಂ, ಅದು ಪರವಾಗಿಲ್ಲ. ಅದೇ ಲ್ಯಾಪ್‌ಟಾಪ್ ಅನ್ನು ದೊಡ್ಡ ಮಾನಿಟರ್‌ಗೆ ಸೇರಿಸಿ 240 ಕಾಲಂ ಬಂತು ಅಂದುಕೊಳ್ಳಿ, ಸೈಡ್‌ಬಾರ್ 60 ಕಾಲಂ ನುಂಗುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಖಾಲಿ. ಕಿಟಕಿಯನ್ನು ಪಕ್ಕಪಕ್ಕ ಸೀಳಿಕೊಂಡು ಸಣ್ಣ ಭಾಗದಲ್ಲಿ ನಿಂತು ಸೈಡ್‌ಬಾರ್ ಕರೆದರೆ ಉಲ್ಟಾ, ಹೆಸರುಗಳು ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ಫೈಲ್ ಹೆಸರಿನ ಉದ್ದ ಪರದೆ ನೋಡಿ ಬದಲಾಗುವುದಿಲ್ಲ ಅಲ್ವಾ? ಹಾಗಿದ್ದ ಮೇಲೆ ಶೇಕಡಾವಾರು ಲೆಕ್ಕ ಯಾಕೆ? ವಿನ್‌ಸೈಜ್‌ಗೆ ಋಣ ಸಂಖ್ಯೆ ಕೊಡಬಹುದು. ಮೈನಸ್ 28 ಎಂದರೆ ಯಾವ ಪರದೆಯಲ್ಲೇ ಇರಲಿ 28 ಕಾಲಂ. 120 ಕಾಲಂ ಟರ್ಮಿನಲ್‌ನಲ್ಲಿ 28 ಸೈಡ್‌ಬಾರ್‌ಗೆ, ನಡುವಿನ ಗೆರೆಗೆ 1, ಉಳಿದ 91 ನಿಮ್ಮ ಬರವಣಿಗೆಗೆ. 80 ಕಾಲಂ ದಾಟದ ಹಾಗೆ ಕೋಡ್ ಬರೆಯುವವರಿಗೆ ಸಾಲಿನ ಸಂಖ್ಯೆ ತೋರಿಸಿದರೂ ಜಾಗ ಉಳಿಯುತ್ತದೆ. ನನ್ನ ಮಟ್ಟಿಗೆ ಇಡೀ ಸೆಟ್ಟಿಂಗಿನಲ್ಲಿ ತುಂಬ ಉಪಯೋಗಕ್ಕೆ ಬಂದ ಬದಲಾವಣೆ ಈ ಮೈನಸ್ ಚಿಹ್ನೆಯೇ.

ಇನ್ನು ಎಡವೋ ಬಲವೋ. ಎಲ್ಲರೂ ಎಡಕ್ಕೇ ಇಡುತ್ತಾರೆ, ನಾನು ಬಲಕ್ಕೆ ಇಡಿ ಎನ್ನುತ್ತೇನೆ. ಎಡಗಡೆ ಸೈಡ್‌ಬಾರ್ ತೆರೆದಾಗ ನೀವು ಓದುತ್ತಿದ್ದ ಪಠ್ಯ ಪೂರ್ತಿ ಬಲಕ್ಕೆ ಸರಿಯುತ್ತದೆ, ಮುಚ್ಚಿದಾಗ ಮತ್ತೆ ಎಡಕ್ಕೆ ಬರುತ್ತದೆ. ಪ್ರತಿ ಸಲವೂ ಕಣ್ಣು ಎಲ್ಲಿತ್ತೋ ಆ ಸಾಲನ್ನು ಮತ್ತೆ ಹುಡುಕಬೇಕು. ಬಲಗಡೆ ತೆರೆದರೆ ಪಠ್ಯ ಅಲುಗಾಡುವುದೇ ಇಲ್ಲ, ಕೋಡಿನ ಸಾಲುಗಳು ಎಡಕ್ಕೇ ಅಂಟಿಕೊಂಡಿರುವುದರಿಂದ ಬಲಭಾಗ ಹೆಚ್ಚಾಗಿ ಖಾಲಿಯೇ ಇರುತ್ತದೆ. ಲೆಕ್ಸ್‌ಪ್ಲೋರ್ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಸಾಕು, ಪಟ್ಟಿ ಬಲಗಡೆ ಬರುತ್ತದೆ. ಒಂದೆರಡು ದಿನ ಕಣ್ಣು ಎಡಕ್ಕೇ ಹೋಗುತ್ತದೆ, ಆಮೇಲೆ ರೂಢಿಯಾಗುತ್ತದೆ. ವಿಎಸ್ ಕೋಡ್ ಎಡಿಟರ್ ಬಳಸುವವರಿಗೂ ಇದನ್ನೇ ಹೇಳುತ್ತೇನೆ. ಅಲ್ಲೂ ಸೈಡ್‌ಬಾರನ್ನು ಬಲಕ್ಕೆ ಸರಿಸುವ ಸೆಟ್ಟಿಂಗ್ ಇದೆ, ಕಂಟ್ರೋಲ್ ಮತ್ತು ಬಿ ಒತ್ತಿದರೆ ತೆರೆದು ಮುಚ್ಚುತ್ತದೆ. ಬಲಕ್ಕೆ ಇಟ್ಟ ಮೇಲೆ ಆ ಶಾರ್ಟ್‌ಕಟ್ ಬಳಸುವುದು ತಾನಾಗೇ ಜಾಸ್ತಿಯಾಗುತ್ತದೆ, ಯಾಕೆಂದರೆ ಪಠ್ಯ ಕುಣಿಯುವುದಿಲ್ಲ.

ಶಾರ್ಟ್‌ಕಟ್ ಇಲ್ಲದ ಸೈಡ್‌ಬಾರ್‌ನಿಂದ ಪ್ರಯೋಜನ ಇಲ್ಲ. ಪ್ರತಿ ಸಲ ಕೋಲನ್ ಒತ್ತಿ ಹೆಸರು ಟೈಪ್ ಮಾಡಬೇಕಾದರೆ ಯಾರೂ ಮುಚ್ಚುವುದಿಲ್ಲ, ಸುಮ್ನೆ ತೆರೆದೇ ಬಿಡುತ್ತಾರೆ. ವಿಮ್‌ನಲ್ಲಿ ನಮ್ಮ ಶಾರ್ಟ್‌ಕಟ್‌ಗಳಿಗೆ ಮೊದಲು ಒತ್ತುವ ಲೀಡರ್ ಕೀ ಎಂದು ಒಂದನ್ನು ಇಟ್ಟುಕೊಳ್ಳಬಹುದು, ನನ್ನದು ಸ್ಪೇಸ್. ಅದರಿಂದ ಶುರುವಾಗುವ ಎರಡು ಶಾರ್ಟ್‌ಕಟ್ ನಾನೇ ಮಾಡಿಕೊಂಡಿದ್ದೇನೆ. ಸ್ಪೇಸ್ ಒತ್ತಿ ಇ ಒತ್ತಿದರೆ ಪ್ರಾಜೆಕ್ಟ್ ಶುರುವಾದ ಫೋಲ್ಡರಿನಿಂದ ಮರ ತೆರೆಯುತ್ತದೆ. ಸ್ಪೇಸ್ ಒತ್ತಿ ಎಫ್ ಒತ್ತಿದರೆ ಈಗ ತೆರೆದಿರುವ ಫೈಲ್ ಯಾವ ಫೋಲ್ಡರಿನಲ್ಲಿದೆಯೋ ಅಲ್ಲಿಂದ ತೆರೆಯುತ್ತದೆ. ಎರಡನೆಯದಕ್ಕೆ ಲೆಕ್ಸ್‌ಪ್ಲೋರ್ ಆಜ್ಞೆಯ ಮುಂದೆ ಶೇಕಡಾ ಚಿಹ್ನೆ, ಕೋಲನ್ ಪಿ, ಕೋಲನ್ ಎಚ್ ಎಂದು ನಡುವೆ ಜಾಗ ಬಿಡದೆ ಸೇರಿಸಬೇಕು: ಶೇಕಡಾ ಚಿಹ್ನೆ ಅಂದರೆ ಈಗಿನ ಫೈಲ್, ಪಿ ಅಂದರೆ ಅದರ ಪೂರ್ತಿ ದಾರಿ, ಎಚ್ ಅಂದರೆ ಕೊನೆಯ ಹೆಸರನ್ನು ಬಿಟ್ಟು ಉಳಿದದ್ದು. ಈ ಎರಡು ಶಾರ್ಟ್‌ಕಟ್ ಬೇರೆ ಬೇರೆ ಇರುವುದು ಮುಖ್ಯ. ದೊಡ್ಡ ಪ್ರಾಜೆಕ್ಟಿನಲ್ಲಿ ನಾಲ್ಕು ಹಂತ ಒಳಗಿರುವ ಫೈಲಿನಲ್ಲಿ ಕೆಲಸ ಮಾಡುವಾಗ ಅದರ ಅಕ್ಕಪಕ್ಕದ ಫೈಲ್ ಬೇಕಾದರೆ ಬುಡದಿಂದ ಒಂದೊಂದೇ ಫೋಲ್ಡರ್ ಬಿಚ್ಚುತ್ತಾ ಕೂರಲು ಆಗುವುದಿಲ್ಲ.

ಇಷ್ಟಾದ ಮೇಲೆ ಪಟ್ಟಿಯೊಳಗಿನ ಕೀಗಳು. ಶೇಕಡಾ ಚಿಹ್ನೆ ಒತ್ತಿದರೆ ಹೊಸ ಫೈಲ್, ಸಣ್ಣಕ್ಷರದ ಡಿ ಒತ್ತಿದರೆ ಹೊಸ ಫೋಲ್ಡರ್, ದೊಡ್ಡಕ್ಷರದ ಡಿ ಒತ್ತಿದರೆ ಅಳಿಸುವುದು. ಈ ಎರಡು ಡಿಗಳು ಹತ್ತಿರ ಹತ್ತಿರ ಇರುವುದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಅಳಿಸುವ ಮೊದಲು ಕೇಳುತ್ತದೆ ಎನ್ನುವುದೊಂದೇ ಸಮಾಧಾನ, ಕಸದ ಬುಟ್ಟಿಗೆ ಹೋಗುವುದಿಲ್ಲ, ಅಳಿಸಿದ್ದು ಹೋಯಿತು. ದೊಡ್ಡಕ್ಷರದ ಆರ್ ಹೆಸರು ಬದಲಾಯಿಸಲು, ಅಡ್ಡಗೆರೆ (ಹೈಫನ್) ಒಂದು ಹಂತ ಮೇಲಕ್ಕೆ ಹೋಗಲು, ಜಿ ಮತ್ತು ಎಚ್ ಚುಕ್ಕಿಯಿಂದ ಶುರುವಾಗುವ ಗುಪ್ತ ಫೈಲ್‌ಗಳನ್ನು ಮುಚ್ಚಿ ತೆರೆಯಲು. ಫೈಲನ್ನು ಬೇರೆ ಫೋಲ್ಡರಿಗೆ ಸಾಗಿಸುವುದಕ್ಕೂ ದಾರಿ ಇದೆ: ಎಂ ಟಿ ಒತ್ತಿ ಗುರಿಯ ಫೋಲ್ಡರ್ ಗುರುತಿಸಬೇಕು, ಎಂ ಎಫ್ ಒತ್ತಿ ಫೈಲ್ ಗುರುತಿಸಬೇಕು, ಎಂ ಎಂ ಒತ್ತಿ ಸಾಗಿಸಬೇಕು. ನಾನು ಇದನ್ನು ಬಳಸುವುದಿಲ್ಲ. ಫೈಲ್ ಸಾಗಿಸುವುದು ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಕೆಲಸ, ಗಿಟ್ (ಫೈಲ್ ಬದಲಾವಣೆಗಳ ದಾಖಲೆ ಇಡುವ ಸಾಧನ) ಇರುವ ಪ್ರಾಜೆಕ್ಟ್ ಆದರೆ ಗಿಟ್ ಮೂಲಕವೇ ಸಾಗಿಸುವುದು ಒಳ್ಳೆಯದು. ಕೀಬೋರ್ಡ್ ಸಾಕಾಯಿತು ಅಂದರೆ ಮೌಸ್ ಕೂಡ ನಡೆಯುತ್ತದೆ, ಸೆಟ್ ಮೌಸ್ ಸಮ ಎ ಎಂದು ಒಂದು ಸಾಲು ಹಾಕಿ, ನಡುವಿನ ಗೆರೆಯನ್ನು ಹಿಡಿದು ಎಳೆದು ಅಗಲವನ್ನೂ ಬದಲಾಯಿಸಬಹುದು.

ಈಗ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಸೈಡ್‌ಬಾರ್ ಇರುವುದು ಫೈಲ್ ತೆರೆಯುವುದಕ್ಕಲ್ಲ, ಪ್ರಾಜೆಕ್ಟಿನ ಆಕಾರ ನೋಡುವುದಕ್ಕೆ. ಹೆಸರು ಗೊತ್ತಿರುವ ಫೈಲ್ ತೆರೆಯಲು ಮರ ಹತ್ತಿ ಇಳಿಯುವುದು ನಿಧಾನದ ದಾರಿ. ವಿಮ್‌ನಲ್ಲೇ ಫೈಂಡ್ ಎಂಬ ಆಜ್ಞೆ ಇದೆ. ಪಾಥ್ ಸೆಟ್ಟಿಂಗಿಗೆ ಎರಡು ನಕ್ಷತ್ರ ಚಿಹ್ನೆ ಸೇರಿಸಿದರೆ ಅದು ಒಳಗಿನ ಎಲ್ಲ ಫೋಲ್ಡರ್‌ಗಳಲ್ಲೂ ಹುಡುಕುತ್ತದೆ, ಹೆಸರಿನ ಮೊದಲ ಭಾಗ ಕೊಟ್ಟು ಟ್ಯಾಬ್ ಒತ್ತಿದರೆ ಉಳಿದದ್ದು ತುಂಬುತ್ತದೆ. ಇದಕ್ಕೂ ಯಾವ ಪ್ಲಗಿನ್ ಬೇಡ. ಎರಡು ಫೈಲ್‌ಗಳ ನಡುವೆ ಹೋಗಿ ಬರುವುದಾದರೆ ಕಂಟ್ರೋಲ್ ಮತ್ತು 6. ದಿನದ ಬಹುಪಾಲು ಓಡಾಟ ಇವೆರಡರಲ್ಲೇ ಮುಗಿಯುತ್ತದೆ.

ಹಾಗಾದರೆ ಮರ ಯಾವಾಗ ಬೇಕು? ಒಂದು ಜಾಂಗೋ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) ಪ್ರಾಜೆಕ್ಟ್ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕು ಆಪ್ ಇವೆ ಎಂದಿಟ್ಟುಕೊಳ್ಳೋಣ: ಸದಸ್ಯರು, ಪುಸ್ತಕಗಳು, ಎರವಲು, ವರದಿ. ಪ್ರತಿ ಆಪ್‌ನಲ್ಲೂ ಮಾಡೆಲ್ಸ್ ಎಂಬ ಫೈಲ್ ಇದೆ, ವ್ಯೂಸ್ ಎಂಬ ಫೈಲ್ ಇದೆ, ಅಡ್ಮಿನ್, ಟೆಸ್ಟ್ಸ್, ಮೈಗ್ರೇಶನ್ಸ್ ಫೋಲ್ಡರ್ (ಡೇಟಾಬೇಸ್ ಟೇಬಲ್‌ಗಳ ಬದಲಾವಣೆ ಇಡುವ ಜಾಗ) ಎಲ್ಲವೂ ಇವೆ. ಹೆಸರಿನಿಂದ ಹುಡುಕಿದರೆ ನಾಲ್ಕು ವ್ಯೂಸ್ ಫೈಲ್ ಸಾಲಾಗಿ ಬರುತ್ತವೆ, ಯಾವುದು ಯಾವ ಆಪ್‌ನದ್ದು ಎಂದು ದಾರಿ ಓದಿಯೇ ತಿಳಿಯಬೇಕು. ಮರದಲ್ಲಿ ಆ ಗೊಂದಲವೇ ಇಲ್ಲ. ಎರವಲು ಫೋಲ್ಡರ್ ಬಿಚ್ಚಿದರೆ ಅದರ ಕೆಳಗಿರುವ ವ್ಯೂಸ್ ಎರವಲಿನದ್ದೇ. ಅಷ್ಟೇ ಅಲ್ಲ, ವರದಿ ಆಪ್‌ನಲ್ಲಿ ಮಾಡೆಲ್ಸ್ ಫೈಲ್ ಇದ್ದರೂ ಮೈಗ್ರೇಶನ್ಸ್ ಫೋಲ್ಡರ್ ಖಾಲಿ ಇದೆ, ಅಂದರೆ ಅದು ತನ್ನದೇ ಟೇಬಲ್ ಇಲ್ಲದೆ ಬೇರೆ ಆಪ್‌ಗಳ ಡೇಟಾ ಓದಿಕೊಂಡು ನಡೆಯುತ್ತಿರಬಹುದು ಎನ್ನುವುದು ಕೋಡ್ ಓದುವ ಮೊದಲೇ ಹೊಳೆಯುತ್ತದೆ. ಬೇರೆಯವರು ಬರೆದ ಪ್ರಾಜೆಕ್ಟ್ ಕೈಗೆ ಬಂದಾಗ ಮೊದಲ ಅರ್ಧ ಗಂಟೆ ನಾನು ಮಾಡುವುದು ಇದನ್ನೇ: ಮರ ತೆರೆದಿಟ್ಟು, ಒಂದೊಂದೇ ಫೋಲ್ಡರ್ ಬಿಚ್ಚಿ ಮಡಚಿ ಕಣ್ಣಾಡಿಸುವುದು. ಆಮೇಲೆ ಮುಚ್ಚುತ್ತೇನೆ. ಹೊಸ ಫೈಲ್ ಎಲ್ಲಿಡಬೇಕು ಎಂದು ಯೋಚಿಸುವಾಗ ಮತ್ತೆ ತೆರೆಯುತ್ತೇನೆ.

ಮರ ಓದಲು ಸುಲಭ ಆಗಬೇಕಾದರೆ ಅದರಲ್ಲಿ ಕಸ ಇರಬಾರದು. ಪೈಥಾನ್ ತಾನಾಗೇ ಹುಟ್ಟಿಸುವ ಪೈಕ್ಯಾಶ್ ಫೋಲ್ಡರ್ ಪ್ರತಿ ಆಪ್‌ನಲ್ಲೂ ಒಂದೊಂದು ಕೂತಿರುತ್ತದೆ, ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್ ಆದರೆ ನೋಡ್ ಮಾಡ್ಯೂಲ್ಸ್ ಇದ್ದೇ ಇರುತ್ತದೆ. ನೆಟ್‌ಆರ್‌ಡಬ್ಲ್ಯೂನಲ್ಲಿ ಲಿಸ್ಟ್_ಹೈಡ್ ಎಂಬ ಸೆಟ್ಟಿಂಗಿಗೆ ಇಂಥ ಹೆಸರುಗಳ ಮಾದರಿಯನ್ನು ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಕೊಡಬಹುದು. ಗಿಟ್‌ಇಗ್ನೋರ್ ಫೈಲಿನಲ್ಲಿರುವುದನ್ನೆಲ್ಲ ಓದಿ ಮುಚ್ಚುವ ಒಂದು ಫಂಕ್ಷನ್ ಕೂಡ ಅದರ ಜೊತೆಗೇ ಬರುತ್ತದೆ, ಹೆಲ್ಪ್ ಪುಟದಲ್ಲಿದೆ. ವಿಎಸ್ ಕೋಡ್‌ನಲ್ಲಿ ಇದೇ ಕೆಲಸಕ್ಕೆ ಫೈಲ್ಸ್ ಎಕ್ಸ್‌ಕ್ಲೂಡ್ ಇದೆ. ಅದು ಗಿಟ್ ಫೋಲ್ಡರನ್ನು ಮೊದಲೇ ಮುಚ್ಚಿಟ್ಟಿರುತ್ತದೆ, ಉಳಿದದ್ದು ನೀವು ಸೇರಿಸಬೇಕು.

ನೆಟ್‌ಆರ್‌ಡಬ್ಲ್ಯೂಗೆ ತೊಂದರೆಗಳಿಲ್ಲ ಎಂದಲ್ಲ. ಫೈಲಿನ ಕಿಟಕಿ ಮುಚ್ಚಿದರೆ ಸೈಡ್‌ಬಾರ್ ಒಂದೇ ಉಳಿದು ಪರದೆ ಪೂರ್ತಿ ಹರಡಿಕೊಳ್ಳುತ್ತದೆ, ಆಗ ಕ್ಯೂ ಎ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಮುಚ್ಚಬೇಕು. ಹೋಮ್ ಫೋಲ್ಡರಿನ ವಿಮ್ ಜಾಗದಲ್ಲಿ ತಾನು ಓಡಾಡಿದ ದಾರಿಯ ಇತಿಹಾಸದ ಫೈಲ್ ಒಂದನ್ನು ಬರೆದಿಡುತ್ತದೆ, ಡಿರ್‌ಹಿಸ್ಟ್‌ಮ್ಯಾಕ್ಸ್ ಅನ್ನು 0 ಮಾಡಿದರೆ ಅದು ನಿಲ್ಲುತ್ತದೆ. ಹೊರಗಿನಿಂದ ಯಾರಾದರೂ ಫೈಲ್ ಸೇರಿಸಿದರೆ ತಕ್ಷಣ ತೋರಿಸುವುದಿಲ್ಲ, ಕಂಟ್ರೋಲ್ ಮತ್ತು ಎಲ್ ಒತ್ತಿ ಪಟ್ಟಿಯನ್ನು ಹೊಸದು ಮಾಡಿಕೊಳ್ಳಬೇಕು. ಗಿಟ್‌ನಲ್ಲಿ ಬದಲಾದ ಫೈಲ್ ಯಾವುದು ಎಂಬ ಗುರುತು ಇಲ್ಲ. ಇವು ದಿನವೂ ಅಡ್ಡ ಬರುತ್ತಿದ್ದರೆ ಆಗ ಪ್ಲಗಿನ್ ಹಾಕಿ, ಆಗ ನಿಮಗೆ ಏನು ಬೇಕು ಎನ್ನುವುದು ಗೊತ್ತಿರುತ್ತದೆ. ಅದಲ್ಲದೆ ನೆಟ್‌ಆರ್‌ಡಬ್ಲ್ಯೂ ಕಲಿತದ್ದು ವ್ಯರ್ಥವಾಗುವುದಿಲ್ಲ: ಏನನ್ನೂ ಇನ್‌ಸ್ಟಾಲ್ ಮಾಡಲು ಅನುಮತಿ ಇಲ್ಲದ ಸರ್ವರ್‌ಗೆ ಲಾಗಿನ್ ಆದಾಗ ಪೂರ್ತಿ ವಿಮ್ ಇದ್ದರೆ ಅದೂ ಇರುತ್ತದೆ.

ವಿಮ್ ಬಳಸುವವರಿಗೆ ನರ್ಡ್‌ಟ್ರೀ ಹಳೆಯ, ನಂಬಬಹುದಾದ ಪ್ಲಗಿನ್. ವಿಮ್ 8 ಬಂದ ಮೇಲೆ, ಅಂದರೆ 2016ರಿಂದ, ಪ್ಲಗಿನ್ ಮ್ಯಾನೇಜರ್ ಇಲ್ಲದೆಯೂ ಹಾಕಬಹುದು: ಹೋಮ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ವಿಮ್ ಫೋಲ್ಡರಿನೊಳಗೆ ಪ್ಯಾಕ್, ಅದರೊಳಗೆ ನಿಮಗೆ ಇಷ್ಟವಾದ ಒಂದು ಹೆಸರು, ಅದರೊಳಗೆ ಸ್ಟಾರ್ಟ್ ಎಂದು ಫೋಲ್ಡರ್ ಮಾಡಿ ಅಲ್ಲಿಗೆ ಗಿಟ್ ಕ್ಲೋನ್ ಮಾಡಿದರೆ ಮುಗಿಯಿತು. ನರ್ಡ್‌ಟ್ರೀಯಲ್ಲಿ ಎಂ ಒತ್ತಿದರೆ ಕೆಳಗೆ ಒಂದು ಮೆನು ಬರುತ್ತದೆ, ಸೇರಿಸು, ಸಾಗಿಸು, ಅಳಿಸು, ಕಾಪಿ ಎಲ್ಲ ಅಲ್ಲಿಯೇ. ಕೀಗಳನ್ನು ಬಾಯಿಪಾಠ ಮಾಡಬೇಕಾದ್ದಿಲ್ಲ. ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಸಹಾಯ. ನರ್ಡ್‌ಟ್ರೀ‌ಫೈಂಡ್ ಆಜ್ಞೆ ಕೊಟ್ಟರೆ ಈಗಿನ ಫೈಲ್ ಮರದಲ್ಲಿ ಎಲ್ಲಿದೆಯೋ ಅಲ್ಲಿಗೇ ಕರ್ಸರ್ ಹೋಗಿ ನಿಲ್ಲುತ್ತದೆ. ನಾನು ಮೇಲೆ ಹೇಳಿದ ಸ್ಪೇಸ್-ಎಫ್ ಶಾರ್ಟ್‌ಕಟ್‌ಗಿಂತ ಇದು ಒಂದು ಹೆಜ್ಜೆ ಮುಂದೆ, ಯಾಕೆಂದರೆ ಅದು ಆ ಫೋಲ್ಡರನ್ನು ಮಾತ್ರ ತೋರಿಸುತ್ತದೆ, ಇದು ಇಡೀ ಮರದಲ್ಲಿ ಅದರ ಜಾಗ ತೋರಿಸುತ್ತದೆ.

ನಿಯೋವಿಮ್‌ನಲ್ಲಿ (ವಿಮ್‌ನಿಂದಲೇ ಕವಲೊಡೆದ ಎಡಿಟರ್) ಇದ್ದರೆ ಎನ್‌ವಿಮ್-ಟ್ರೀ ಪ್ಲಗಿನ್ ನೋಡಿ. ಲುವಾ ಭಾಷೆಯಲ್ಲಿ ಬರೆದದ್ದು. ಸೆಟ್ಟಿಂಗ್ ಫೈಲಿನ ಮೇಲ್ಭಾಗದಲ್ಲೇ ನೆಟ್‌ಆರ್‌ಡಬ್ಲ್ಯೂ ಲೋಡ್ ಆಗದ ಹಾಗೆ ಎರಡು ಸಾಲು ಹಾಕಿ ಎಂದು ಅದರ ದಾಖಲೆಯೇ ಹೇಳುತ್ತದೆ, ಅದನ್ನು ಬಿಡಬೇಡಿ. ಎರಡೂ ಇದ್ದರೆ ಫೋಲ್ಡರ್ ತೆರೆದಾಗ ಯಾರು ತೋರಿಸಬೇಕು ಎಂದು ಜಗಳ ಬೀಳುತ್ತದೆ. ಇದರಲ್ಲಿ ನನಗೆ ಇಷ್ಟವಾದದ್ದು ಹೊಸ ಫೈಲ್ ಮಾಡುವ ರೀತಿ. ಎ ಒತ್ತಿ ನೋಟ್ಸ್, ಸ್ಲ್ಯಾಷ್, ಹಾಸನ, ಸ್ಲ್ಯಾಷ್, ಹಲ್ಮಿಡಿ ಎಂದು ದಾರಿ ಪೂರ್ತಿ ಕೊಟ್ಟರೆ ನಡುವಿನ ಫೋಲ್ಡರ್‌ಗಳೂ ಒಟ್ಟಿಗೇ ಹುಟ್ಟಿಕೊಳ್ಳುತ್ತವೆ. ಕೊನೆಗೆ ಸ್ಲ್ಯಾಷ್ ಇಟ್ಟರೆ ಅದು ಫೈಲ್ ಆಗದೆ ಫೋಲ್ಡರ್ ಆಗುತ್ತದೆ. ಎಕ್ಸ್ ಒತ್ತಿ ಕತ್ತರಿಸಿ, ಬೇರೆ ಫೋಲ್ಡರಿಗೆ ಹೋಗಿ ಪಿ ಒತ್ತಿದರೆ ಫೈಲ್ ಅಲ್ಲಿಗೆ ಬರುತ್ತದೆ. ಐಕಾನ್‌ಗಳ ಜಾಗದಲ್ಲಿ ಖಾಲಿ ಚೌಕ ಕಂಡರೆ ಟರ್ಮಿನಲ್‌ಗೆ ನರ್ಡ್ ಫಾಂಟ್ ಒಂದನ್ನು ಹಾಕಬೇಕು, ಅದು ಬೇಡವಾದರೆ ಐಕಾನ್ ತೋರಿಸುವುದನ್ನೇ ನಿಲ್ಲಿಸಬಹುದು. ನಾನು ನಿಲ್ಲಿಸಿದ್ದೇನೆ. ಫೈಲಿನ ಹೆಸರಿನ ಕೊನೆಯ ಭಾಗವೇ ಅದು ಯಾವ ಬಗೆಯದ್ದು ಎಂದು ಹೇಳುವಾಗ ಪಕ್ಕದಲ್ಲಿ ಒಂದು ಚಿತ್ರ ಯಾಕೆ?

ಸೈಡ್‌ಬಾರೇ ಬೇಡ ಎನ್ನುವ ಇನ್ನೊಂದು ಪಂಥವೂ ಇದೆ, ಅವರ ಮಾತಿನಲ್ಲಿ ಹುರುಳಿದೆ. ಟಿಮ್ ಪೋಪ್ ಬರೆದ ವಿನೆಗರ್ ಎಂಬ ಪುಟ್ಟ ಪ್ಲಗಿನ್ ಹಾಕಿದರೆ ಯಾವ ಫೈಲಿನಲ್ಲಿದ್ದರೂ ಅಡ್ಡಗೆರೆ ಒತ್ತಿದ ಕೂಡಲೇ ಅದರ ಫೋಲ್ಡರ್ ಅದೇ ಕಿಟಕಿಯಲ್ಲಿ ತೆರೆಯುತ್ತದೆ, ಒಂದನ್ನು ಆರಿಸಿದರೆ ಪಟ್ಟಿ ಹೋಗಿ ಫೈಲ್ ಬರುತ್ತದೆ. ಪರದೆಯ ಒಂದು ಕಾಲಂ ಕೂಡ ವ್ಯರ್ಥವಿಲ್ಲ. ಎರಡು ಮೂರು ಕಿಟಕಿ ಸೀಳಿಕೊಂಡು ಕೆಲಸ ಮಾಡುವವರಿಗೆ ಇನ್ನೊಂದು ಲಾಭ: ಸೈಡ್‌ಬಾರ್‌ನಲ್ಲಿ ಎಂಟರ್ ಒತ್ತಿದರೆ ಫೈಲ್ ಯಾವ ಕಿಟಕಿಗೆ ಹೋಗುತ್ತದೋ ಎಂದು ಕಾಯಬೇಕು, ಇಲ್ಲಿ ಆ ಪ್ರಶ್ನೆಯೇ ಇಲ್ಲ, ನಿಂತಲ್ಲೇ ತೆರೆಯುತ್ತದೆ. ನಿಯೋವಿಮ್‌ನಲ್ಲಿ ಆಯಿಲ್ ಎಂಬ ಪ್ಲಗಿನ್ ಇದೇ ದಾರಿಯದ್ದು, ಅದರಲ್ಲಿ ಫೋಲ್ಡರಿನ ಪಟ್ಟಿಯನ್ನು ಮಾಮೂಲಿ ಪಠ್ಯದ ಹಾಗೆ ತಿದ್ದಿ ಸೇವ್ ಮಾಡಿದರೆ ಫೈಲ್‌ಗಳ ಹೆಸರೇ ಬದಲಾಗುತ್ತದೆ. ಇಪ್ಪತ್ತು ಫೈಲ್‌ಗಳ ಹೆಸರು ಒಟ್ಟಿಗೆ ಬದಲಿಸಬೇಕಾದಾಗ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗಾಗಿ ಕೆಲವು ಮಾತು, ಇದನ್ನು ಬೇರೆಲ್ಲೂ ಯಾರೂ ಬರೆದಿರುವುದಿಲ್ಲ ಅನ್ನಿಸುತ್ತದೆ. ಕೋಡ್ ಇರುವ ಪ್ರಾಜೆಕ್ಟಿನಲ್ಲಿ ನಾನು ಇಂಗ್ಲಿಷ್ ಹೆಸರನ್ನೇ ಇಡುತ್ತೇನೆ. ಆದರೆ ಊರಿನ ಇತಿಹಾಸ, ಶಾಸನಗಳ ಬಗ್ಗೆ ಬರೆದುಕೊಂಡ ಟಿಪ್ಪಣಿಗಳಿಗೆ ಕನ್ನಡದ್ದೇ ಹೆಸರು. ಟರ್ಮಿನಲ್ ಎಂದರೆ ಚೌಕುಳಿ ಹಾಳೆ ಇದ್ದ ಹಾಗೆ, ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ. ಒತ್ತಕ್ಷರ ಆ ಲೆಕ್ಕಕ್ಕೆ ಸಿಗುವುದಿಲ್ಲ. ಹಲ್ಮಿಡಿ ಎಂಬಲ್ಲಿ ಲಕಾರದ ಕೆಳಗೆ ಕೂರಬೇಕಾದ ಮಕಾರ ಹಲವು ಟರ್ಮಿನಲ್‌ಗಳಲ್ಲಿ ಪಕ್ಕದ ಮನೆಗೆ ಹೋಗುತ್ತದೆ. ಕೆಲವು ಕಾಗುಣಿತದ ಗುರುತುಗಳಿಗೆ ಅಗಲ ಇದೆಯೋ ಇಲ್ಲವೋ ಎಂಬ ವಿಷಯದಲ್ಲಿ ವಿಮ್ ಒಂದು ಲೆಕ್ಕ ಹಾಕಿ ಟರ್ಮಿನಲ್ ಇನ್ನೊಂದು ಲೆಕ್ಕ ಹಾಕಿದರೆ, ಸೈಡ್‌ಬಾರಿನ ನಡುಗೆರೆ ಆ ಒಂದು ಸಾಲಿನಲ್ಲಿ ಮಾತ್ರ ಒಂದೆರಡು ಮನೆ ಆಚೀಚೆ ಸರಿದು ಸೊಟ್ಟಗೆ ಕಾಣುತ್ತದೆ. ಫೈಲ್ ಹಾಳಾಗಿಲ್ಲ, ಕಾಣುವುದು ಮಾತ್ರ ಹಾಗೆ. ಲೋಹಿತ್ ಕನ್ನಡ, ನೋಟೋ, ಗುಬ್ಬಿ, ನವಿಲು ಇವುಗಳಲ್ಲಿ ಯಾವುದಾದರೂ ಒಂದು ಫಾಂಟ್ ಇದ್ದರೆ ಅಕ್ಷರವಂತೂ ಬರುತ್ತದೆ, ಆದರೆ ಫಾಂಟ್ ಬದಲಿಸಿದರೆ ಮನೆಯ ಲೆಕ್ಕ ಸರಿಹೋಗುವುದಿಲ್ಲ. ವಿಎಸ್ ಕೋಡ್‌ನ ಸೈಡ್‌ಬಾರ್ ಬ್ರೌಸರಿನ ಹಾಗೆ ಅಕ್ಷರ ಬಿಡಿಸುವುದರಿಂದ ಅಲ್ಲಿ ಕನ್ನಡ ಚೆನ್ನಾಗಿ ಮೂಡುತ್ತದೆ. ಬರೀ ಕನ್ನಡ ಬರೆಯುವ, ಕೋಡ್ ಗೋಜಿಗೆ ಹೋಗದ ಸ್ನೇಹಿತರಿಗೆ ನಾನು ಅದನ್ನೋ ಜಿಎಡಿಟ್ ಅನ್ನೋ ಹೇಳುತ್ತೇನೆ. ಜಿಎಡಿಟ್‌ನಲ್ಲಿ ಎಫ್9 ಒತ್ತಿದರೆ ಪಕ್ಕದ ಪಟ್ಟಿ ಬರುತ್ತದೆ.

ಹೆಸರಿನ ಉದ್ದಕ್ಕೂ ಒಂದು ಮಿತಿ ಇದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಫೈಲ್ ಹೆಸರು 255 ಬೈಟ್ ದಾಟುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ 85 ಸಂಕೇತ ಮಾತ್ರ. ಸ್ತ್ರೀ ಎಂಬ ಒಂದೇ ಅಕ್ಷರ 6 ಸಂಕೇತ, 18 ಬೈಟ್. ಲೇಖನದ ಶೀರ್ಷಿಕೆಯನ್ನು ಹಾಗೇ ಫೈಲ್ ಹೆಸರು ಮಾಡುವ ಅಭ್ಯಾಸ ಇರುವವರು ಇದನ್ನು ನೆನಪಿಡಿ. ಮರದಲ್ಲಿ ಸಾಲುಗಳ ಕ್ರಮ ಹೆಚ್ಚುಕಡಿಮೆ ನಮ್ಮ ನಿಘಂಟಿನ ಕ್ರಮವೇ, ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳನ್ನು ಆ ಕ್ರಮದಲ್ಲೇ ಜೋಡಿಸಿರುವುದರಿಂದ. ಆದರೆ ಅಂಕಿಗಳ ವಿಷಯ ಹಾಗಲ್ಲ. 01 ಎಂದು ಶುರುವಾಗುವ ಫೈಲ್ ಎಲ್ಲಕ್ಕಿಂತ ಮೇಲೆ ಬರುತ್ತದೆ, ೧ ಎಂದು ಶುರುವಾಗುವ ಫೈಲ್ ಹಕಾರ ಳಕಾರಗಳೂ ಮುಗಿದ ಮೇಲೆ ಕೆಳಗೆ ಬರುತ್ತದೆ. ಅಧ್ಯಾಯಗಳಿಗೆ ಸಂಖ್ಯೆ ಇಡುವಾಗ ಒಂದೇ ಪದ್ಧತಿ ಹಿಡಿದುಕೊಳ್ಳಿ, ಯಾವುದಾದರೂ ಸರಿ, ಒಂದಂಕಿಯ ಮುಂದೆ ಸೊನ್ನೆ ಇರಲಿ.

ಮತ್ತೆ, ಕನ್ನಡ ಟೈಪ್ ಮಾಡುತ್ತಿದ್ದವರು ಹಾಗೇ ಸೈಡ್‌ಬಾರ್‌ಗೆ ಬಂದು ಕೀ ಒತ್ತಿದರೆ ಏನೂ ಆಗುವುದಿಲ್ಲ. ಕೀಬೋರ್ಡ್ ಇನ್ನೂ ಕನ್ನಡದಲ್ಲೇ ಇರುತ್ತದೆ, ವಿಮ್‌ಗೆ ಕೆಳಗಿನ ಸಾಲಿಗೆ ಇಳಿಸುವ ಜೆ ಬದಲು ಯಾವುದೋ ಕನ್ನಡ ಅಕ್ಷರ ತಲುಪುತ್ತದೆ. ಇನ್‌ಸರ್ಟ್ ಮೋಡ್ (ಪಠ್ಯ ಟೈಪ್ ಮಾಡುವ ಸ್ಥಿತಿ) ಬಿಡುವಾಗಲೇ ಭಾಷೆ ಬದಲಿಸುವ ಅಭ್ಯಾಸ ಮಾಡಿಕೊಂಡರೆ ಸುಖ.

ಕೊನೆಯದಾಗಿ ಗಿಟ್. ಸೈಡ್‌ಬಾರ್‌ನಲ್ಲಿ ಕನ್ನಡ ಹೆಸರು ಸರಿಯಾಗಿ ಕಂಡು, ಕೆಳಗೆ ಗಿಟ್ ಸ್ಟೇಟಸ್ ಕೊಟ್ಟಾಗ ಮಾತ್ರ ಹೆಸರಿನ ಜಾಗದಲ್ಲಿ ಬ್ಯಾಕ್‌ಸ್ಲ್ಯಾಷ್ ಮತ್ತು ಅಂಕಿಗಳ ಸಾಲು ಕಂಡರೆ ಗಾಬರಿ ಬೇಡ. ಗಿಟ್ ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಬೈಟ್‌ಗಳಾಗಿ ಬಿಡಿಸಿ ತೋರಿಸುತ್ತದೆ, ಹಾಗಾಗಿ ಕ ಎಂಬುದು \340\262\225 ಆಗುತ್ತದೆ. ಗಿಟ್ ಕಾನ್ಫಿಗ್‌ನಲ್ಲಿ ಕೋರ್ ಚುಕ್ಕಿ ಕ್ವೋಟ್‌ಪಾಥ್ ಎಂಬುದನ್ನು ಫಾಲ್ಸ್ ಮಾಡಿ, ಗ್ಲೋಬಲ್ ಎಂದೂ ಸೇರಿಸಿದರೆ ನಿಮ್ಮ ಎಲ್ಲ ಪ್ರಾಜೆಕ್ಟ್‌ಗಳಿಗೂ ಅನ್ವಯಿಸುತ್ತದೆ. ಮುಂದಿನ ಸಲ ಸ್ಟೇಟಸ್ ಕೊಟ್ಟಾಗ ಹೆಸರು ಕನ್ನಡದಲ್ಲೇ ಬರುತ್ತದೆ.